ಕಣ್ಣಿನ ಬಿಳಿ ಮಚ್ಚೆ ಮತ್ತು ಸೂಕ್ಷ್ಮದರ್ಶಕ

ಅಡಿಕೆ ಉದುರತೊಡಗಿದರೆ ಅದು ಕೊಳೆರೋಗವೋ ಕೀಟದ ಬಾಧೆಯೋ ಎಂದು ನೋಡದೆ ಬೋರ್ಡೋ ದ್ರಾವಣ ಕಲಸುವ ಸದಸ್ಯರು ನಮ್ಮಲ್ಲಿ ವಿರಳ. ಅದೇ ನಾವು, ಕಣ್ಣು ಕೆಂಪಾದರೆ ಅಂಗಡಿಯಿಂದ ಯಾವುದೋ ಹನಿ ತರಿಸುತ್ತೇವೆ.

ಎರಡು ವರ್ಷದ ಹಿಂದೆ ಮರಗಸಿಯ ಸಮಯದಲ್ಲಿ ನಮ್ಮ ತೋಟದ ಕೆಲಸದವರೊಬ್ಬರ ಕಣ್ಣಿಗೆ ಕಡ್ಡಿ ತಾಗಿತು. ಪೇಟೆಯಿಂದ ಹನಿ ತರಿಸಿಕೊಟ್ಟವರು ನಾವೇ. ಎರಡು ದಿನದಲ್ಲಿ ಕೆಂಪು ಇಳಿಯಿತು, ನೋವೂ ಕಡಿಮೆಯಾಯಿತು. ಹತ್ತನೆಯ ದಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಮಚ್ಚೆ ಕಂಡಿತು. ಆ ಹನಿಯಲ್ಲಿ ಸ್ಟೀರಾಯ್ಡ್ ಇತ್ತೆಂಬುದು ಕಣ್ಣಿನ ವೈದ್ಯರು ಹೇಳಿದ ಮೇಲೆಯೇ ನಮಗೆ ತಿಳಿದದ್ದು.

ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎಂದು ಹೆಸರು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಒಳಗೆ ರಕ್ತನಾಳಗಳಿಲ್ಲ. ಮೇಲ್ಪೊರೆ ಗೀರಿದರೆ ಸೊಪ್ಪು, ಮಣ್ಣಿನಲ್ಲಿರುವ ಫ್ಯುಸೇರಿಯಂ, ಆಸ್ಪರ್ಜಿಲಸ್ ಮುಂತಾದ ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ಅವುಗಳ ಎಳೆಗಳು ಒಳಪದರಗಳಿಗೆ ಇಳಿಯುತ್ತವೆ. ಸ್ಟೀರಾಯ್ಡ್ ಮಾಡುವುದೇನೆಂದರೆ, ದೇಹ ಹೂಡಿದ ಹೋರಾಟವನ್ನು ತಣ್ಣಗಾಗಿಸುವುದು. ಕೆಂಪು ಇಳಿದದ್ದನ್ನು ನಾವು ಗುಣವೆಂದು ತಿಳಿದೆವು; ಒಳಗೆ ಬೂಷ್ಟು ನಿರಾತಂಕವಾಗಿ ಬೆಳೆಯುತ್ತಿತ್ತು.

ಬ್ಯಾಕ್ಟೀರಿಯಾದಿಂದಲೂ ಇಂಥದೇ ಬಿಳಿ ಹುಣ್ಣಾಗುತ್ತದೆ. ಮಧುರೆಯಲ್ಲಿ 434 ರೋಗಿಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಾಣು ಪತ್ತೆಯಾದವರ ಪೈಕಿ ಸರಿಸುಮಾರು ಅರ್ಧದಷ್ಟು ಜನರಿಗೆ ಶಿಲೀಂಧ್ರವೂ ಉಳಿದ ಬಹುಪಾಲು ಜನರಿಗೆ ಬ್ಯಾಕ್ಟೀರಿಯಾವೂ ಕಾರಣವಾಗಿದ್ದವು. ಬರಿಗಣ್ಣಿನ ಅಂದಾಜು ಇಲ್ಲಿ ಸಾಲದು. ವೈದ್ಯರು ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ಸೂಕ್ಷ್ಮವಾಗಿ ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರವಿದ್ದರೆ ಕವಲೊಡೆದ ಎಳೆಗಳು ಬಹುಪಾಲು ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ. ಆಗ ಕೊಡುವುದು ನಾಟಮೈಸಿನ್. ಮೊದಮೊದಲು ಗಂಟೆಗೊಮ್ಮೆ, ಒಟ್ಟು ಹಲವು ವಾರ. ಸೀಸೆ ಕುಲುಕಿಯೇ ಹಾಕಬೇಕು, ಮದ್ದು ತಳದಲ್ಲಿ ಕುಳಿತಿರುತ್ತದೆ. ಬ್ಯಾಕ್ಟೀರಿಯಾದ ಹುಣ್ಣಿಗೆ ಇದರಿಂದ ಪ್ರಯೋಜನವಿಲ್ಲ; ಅದರ ಮದ್ದು ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಆದ್ದರಿಂದ ಬಿಳಿ ಮಚ್ಚೆ ಕಂಡವರು 'ಕೆರೆದು ಪರೀಕ್ಷೆ ಮಾಡುತ್ತೀರಾ?' ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಿಲ್ಲ.

ಹುಣ್ಣಾಗುವ ಮುನ್ನವೇ ತಡೆಯುವ ದಾರಿಯೂ ಉಂಟು. ನೇಪಾಳದ ಭಕ್ತಪುರದಲ್ಲಿ ಕಣ್ಣು ಗೀರಿದ ಹಳ್ಳಿಗರಿಗೆ ತರಬೇತಾದ ಕಾರ್ಯಕರ್ತರು ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. 2001ರ ವರದಿಯಂತೆ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ತಡೆದು ಬಂದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಆಯಿತು. ಕಡ್ಡಿ ತಾಗಿದ ದಿನವೇ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರೆ ಜೀಪಿನ ಖರ್ಚು, ಒಂದು ಹೊತ್ತಿನ ಕೆಲಸ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಮಾತ್ರ ಬೇಡ.

ನಮ್ಮ ಕೆಲಸದವರ ಹುಣ್ಣು ಎರಡು ತಿಂಗಳಲ್ಲಿ ಮಾಯಿತು. ಕಲೆ ನಡುವೆಯೇ ಉಳಿದದ್ದರಿಂದ ಆ ಕಣ್ಣಿಗೆ ಈಗ ಬೆಳಕು, ನೆರಳು ಇಷ್ಟೇ ತಿಳಿಯುತ್ತದೆ. ಮರ ಹತ್ತುವುದನ್ನು ಬಿಟ್ಟಿದ್ದಾರೆ. ಕಣದಲ್ಲಿ ಕಾಫಿ ಹರಡುತ್ತಾರೆ.