ಬಾಸ್ ಮತ್ಸ್ಯಗಳ ಲಕ್ಷಣವಿಚಾರ

ಒಂದು ವಸ್ತುವನ್ನು ಅದನ್ನು ಹೋಲುವ ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಅಸಾಧಾರಣಧರ್ಮವೇ ಲಕ್ಷಣವೆಂದು ತಾರ್ಕಿಕರು ಹೇಳುತ್ತಾರೆ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳು ಅದರಲ್ಲಿರಕೂಡದು. ಗೋವಿಗೆ ಕಪಿಲವರ್ಣವನ್ನು ಲಕ್ಷಣವಾಗಿ ಹೇಳಿದರೆ ಬಿಳಿಯ ಹಸುವು ಹೊರಗುಳಿಯುವುದು. ಕೊಂಬನ್ನು ಹೇಳಿದರೆ ಎಮ್ಮೆಯೂ ಒಳಗೆ ಬರುವುದು. ಒಂಟಿಗೊರಸನ್ನು ಹೇಳಿದರೆ ಯಾವ ಹಸುವೂ ಸಿಕ್ಕದು. ಪಾಠಶಾಲೆಗಳಲ್ಲಿ ಬಾಲರಿಗೆ ಕಲಿಸುವ ಈ ವಿಚಾರವು ಕೇವಲ ವಾದಕ್ಕಾಗಿ ಹುಟ್ಟಿದುದಲ್ಲ. ಉತ್ತರ ಅಮೆರಿಕೆಯ ಸಿಹಿನೀರಿನ ಬಾಸ್ ಮೀನುಗಳು ಇದಕ್ಕೆ ಒಳ್ಳೆಯ ನಿದರ್ಶನ.

ಅಲ್ಲಿನ ಜನರು ‘ಕರಿಯ ಬಾಸ್’ ಎಂದು ಕರೆಯುವ ಈ ಗಣದಲ್ಲಿ ಪ್ರಸಿದ್ಧವಾದುವು ಮೂರು: ಲಾರ್ಜ್‌ಮೌತ್ ಅಥವಾ ಹಿರಿಬಾಯಿಯ ಬಾಸ್, ಸ್ಮಾಲ್‌ಮೌತ್ ಅಥವಾ ಕಿರುಬಾಯಿಯ ಬಾಸ್, ಸ್ಪಾಟೆಡ್ ಅಥವಾ ಚುಕ್ಕೆಯ ಬಾಸ್. ಗಣಕ್ಕೆ ‘ಮೈಕ್ರಾಪ್ಟೆರಸ್’ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿನ ಲಾಸೆಪೇಡ್, ೧೮೦೨ರಲ್ಲಿ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಚಿಕ್ಕ ರೆಕ್ಕೆಯುಳ್ಳದು’ ಎಂದರ್ಥ. ಅವನ ಮುಂದಿದ್ದ ಕಿರುಬಾಯಿಯ ಮೀನಿನ ಬೆನ್ನಿನ ರೆಕ್ಕೆ ಹರಿದುಹೋಗಿದ್ದು, ಅದರ ಹಿಂದಣ ತುಂಡು ಬೇರೊಂದು ಪುಟ್ಟ ರೆಕ್ಕೆಯಂತೆ ತೋರಿತು. ಗಾಯವನ್ನೇ ಅವನು ಧರ್ಮವೆಂದು ಗ್ರಹಿಸಿದನು. ಓಲೆಯ ಹುಳುಕನ್ನು ಅಕ್ಷರವೆಂದು ಓದಿದಂತೆ ಇದಾಯಿತು. ಆ ಪುಟ್ಟ ರೆಕ್ಕೆಯು ಗಣದ ಯಾವ ಮೀನಿನಲ್ಲಿಯೂ ಇಲ್ಲ. ಲಕ್ಷಣವೆಂದು ಎಣಿಸಿದರೆ ಇದು ಶುದ್ಧ ಅಸಂಭವ. ಆದರೂ ಹೆಸರು ಉಳಿದಿದೆ. ಯೋಗಾರ್ಥವು ಬಿದ್ದುಹೋದರೂ ರೂಢಿಯು ಅದನ್ನು ಕಾಪಾಡಿತು.

ಇನ್ನು ಮೀನುಗಳ ಗುರುತುಗಳು. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿಯು ಕಣ್ಣಿನ ಹಿಂದಂಚನ್ನು ದಾಟಿದರೆ ಹಿರಿಬಾಯಿಯದು, ದಾಟದಿದ್ದರೆ ಕಿರುಬಾಯಿಯದು ಎಂಬುದು ಲೋಕಪ್ರಸಿದ್ಧವಾದ ನಿಯಮ. ಬೆಳೆದ ಮೀನಿಗೆ ಇದು ಹೊಂದುವುದು. ಆದರೆ ದವಡೆಯು ವಯಸ್ಸಿನೊಡನೆ ಉದ್ದವಾಗತಕ್ಕದ್ದಾದುದರಿಂದ ಹಿರಿಬಾಯಿಯ ಮರಿಗಳಲ್ಲಿ ಅವ್ಯಾಪ್ತಿ ಬರುವುದು. ಪಕ್ಕದುದ್ದಕ್ಕೂ ಹರಿಯುವ ಕಪ್ಪು ಪಟ್ಟೆಯನ್ನು ಹೇಳೋಣವೆಂದರೆ, ಅದು ಚುಕ್ಕೆಯ ಬಾಸಿನಲ್ಲಿಯೂ ಇರುವುದರಿಂದ ಅತಿವ್ಯಾಪ್ತಿ. ಕಿರುಬಾಯಿಯದಕ್ಕೆ ಕಂಚಿನ ಬಣ್ಣವೂ ಮೇಲಿಂದ ಕೆಳಕ್ಕೆ ಇಳಿಯುವ ಪಟ್ಟೆಗಳೂ ಉಂಟು. ಆದರೆ ಬಣ್ಣವು ನೀರಿನ ಕಲಕು ತಿಳಿಗಳನ್ನನುಸರಿಸಿ ಮಾಸುವುದು, ಕಪ್ಪಾಗುವುದು.

ಆದುದರಿಂದ ಗುರುತುಗಳನ್ನು ಕೂಡಿಸಿ ನೋಡಬೇಕು. ಹಿರಿಬಾಯಿಯದರ ಬೆನ್ನಿನ ರೆಕ್ಕೆಯಲ್ಲಿ ಮುಳ್ಳಿನ ಭಾಗಕ್ಕೂ ಮೃದುಭಾಗಕ್ಕೂ ನಡುವೆ ಆಳವಾದ ಕಚ್ಚು ಇದ್ದು, ಎರಡೂ ಬಹುಮಟ್ಟಿಗೆ ಬೇರೆಯಾಗಿ ಕಾಣುವುವು; ಉಳಿದೆರಡರಲ್ಲಿ ಕಚ್ಚು ಆಳವಿಲ್ಲ. ಚುಕ್ಕೆಯದಕ್ಕೆ ಪಟ್ಟೆಯ ಕೆಳಗೆ ಸಣ್ಣ ಕಪ್ಪು ಚುಕ್ಕೆಗಳ ಸಾಲುಗಳೂ, ನಾಲಗೆಯ ಮೇಲೆ ಬೆರಳಿಗೆ ಒರಟಾಗಿ ತಗಲುವ ಹಲ್ಲುಗಳ ಗುಂಪೂ ಸಾಮಾನ್ಯವಾಗಿ ಇರುವುವು. ಸೀಳಿ ನೋಡಿದರೆ, ಜಠರವು ಕರುಳನ್ನು ಸೇರುವೆಡೆಯ ಕುರುಡುನಾಳಗಳು ಹಿರಿಬಾಯಿಯದರಲ್ಲಿ ಕವಲೊಡೆದಿರುವುವು. ನೆಲೆಯೂ ಸಹಕಾರಿ: ಹಿರಿಬಾಯಿಯದು ಪಾಚಿ ಜೊಂಡುಗಳ ಬೆಚ್ಚನೆಯ ನಿಂತ ನೀರನ್ನೂ, ಕಿರುಬಾಯಿಯದು ಕಲ್ಲುಹಾಸಿನ ತಂಪಾದ ತಿಳಿನೀರನ್ನೂ ಬಯಸುವುವು.

ಇಷ್ಟಾದರೂ ಕಣ್ಣಿಗೆ ನಿಲುಕದ ಭೇದವುಂಟು. ಫ್ಲಾರಿಡಾದ ಹಿರಿಬಾಯಿಯ ಮೀನನ್ನು ೧೯೪೯ರಲ್ಲಿ ಉಪಜಾತಿಯೆಂದು ವರ್ಣಿಸಲಾಯಿತು. ಅದರ ಹುರುಪೆಗಳ ಎಣಿಕೆ ಹೆಚ್ಚು. ಆದರೆ ಎರಡರ ಎಣಿಕೆಗಳೂ ಅಂಚಿನಲ್ಲಿ ಒಂದರೊಳಗೊಂದು ಸೇರುವುವು. ೨೦೨೨ರಲ್ಲಿ ಪ್ರಕಟವಾದ ವಂಶಧಾತುಗಳ ಪರೀಕ್ಷೆಯು ಅದನ್ನು ಪ್ರತ್ಯೇಕ ಜಾತಿಯೆಂದು ಸಮರ್ಥಿಸಿತು. ಅಲ್ಲದೆ, ಲಾಸೆಪೇಡನು ‘ಸಾಲ್ಮಾಯ್ಡೀಸ್’ ಎಂಬ ಹೆಸರನ್ನು ಕೊಟ್ಟುದು ಕ್ಯಾರೊಲೈನಾ ಪ್ರಾಂತದಿಂದ ಬಂದ ಚಿತ್ರವನ್ನೂ ಟಿಪ್ಪಣಿಯನ್ನೂ ಆಧರಿಸಿ. ಆ ಸೀಮೆಯ ಮೀನು ಫ್ಲಾರಿಡಾದ ಜಾತಿಗೆ ಸೇರಿದುದು. ಹೀಗೆ ಆ ಹೆಸರು ಫ್ಲಾರಿಡಾದ ಮೀನಿಗೆ ಸಂದು, ಉತ್ತರದ ಹಿರಿಬಾಯಿಯದಕ್ಕೆ ಕ್ಯುವಿಯೇ ೧೮೨೮ರಲ್ಲಿ ಕೊಟ್ಟ ‘ನೈಗ್ರಿಕಾನ್ಸ್’ ಎಂಬ ಹೆಸರು ಉಳಿಯಿತು.

ಈ ವಿವೇಕವು ನಿಷ್ಪ್ರಯೋಜಕವೆಂದು ತಿಳಿಯಲಾಗದು. ಟೆಕ್ಸಾಸ್ ಸಂಸ್ಥಾನದ ಹೊಳೆಗಳಲ್ಲಿ ಗ್ವಾಡಲೂಪ್ ಬಾಸ್ ಎಂಬುದು ವಾಸಿಸುವುದು. ಅದು ಪ್ರಪಂಚದಲ್ಲಿ ಬೇರೆಲ್ಲಿಯೂ ಸಹಜವಾಗಿಲ್ಲ. ೧೯೮೯ರಲ್ಲಿ ಅದು ಆ ಸಂಸ್ಥಾನದ ಅಧಿಕೃತ ಮತ್ಸ್ಯವಾಯಿತು. ಬೇಟೆಯ ವಿನೋದಕ್ಕಾಗಿ ಅಲ್ಲಿ ಬಿಟ್ಟ ಕಿರುಬಾಯಿಯ ಬಾಸ್ ಅದರೊಡನೆ ಕೂಡಿ ಸಂಕರಸಂತಾನವನ್ನು ಪಡೆಯಿತು. ಕೆಲವು ಹೊಳೆಗಳಲ್ಲಿ ಶುದ್ಧವಂಶವೇ ಕ್ಷೀಣಿಸಿತು. ಸಂಕರದ ಮೀನಿನಲ್ಲಿ ಎರಡರ ಗುರುತುಗಳೂ ಬೆರೆತಿರುವುವು. ಒಂದೇ ಗುರುತನ್ನು ನಂಬುವವನು ಅದನ್ನು ಶುದ್ಧವೆಂದೇ ಎಣಿಸುವನು. ನಷ್ಟವಾದುದು ಅವನಿಗೆ ತಿಳಿಯುವುದೇ ಇಲ್ಲ.

ದವಡೆ, ಕಚ್ಚು, ಚುಕ್ಕೆ, ನಾಲಗೆ, ನೆಲೆ ಇವೆಲ್ಲವೂ ಒಮ್ಮತವಾದರೆ ಜಾತಿಯನ್ನು ನಿರ್ಣಯಿಸಬಹುದು. ಒಂದಕ್ಕೊಂದು ವಿರೋಧಿಸಿದರೆ ನಿರ್ಣಯವನ್ನು ತಡೆದು ಸಂಕರವನ್ನು ಶಂಕಿಸಬೇಕು. ಹಸುವಿನ ಕೊಂಬನ್ನು ಕುರಿತ ಹಳೆಯ ಎಚ್ಚರಿಕೆಯು ಹೊಳೆಯ ಮೀನಿಗೂ ಸಲ್ಲುತ್ತದೆ.