ಅಂಟಿಸುವ ಅಣುವೂ ಬಿಡಿಸುವ ಮದ್ದೂ

2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೊರೊನಾ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊಟ್ಟಮೊದಲ ಮರಣವು ಕಲಬುರಗಿಯ ವೃದ್ಧರೊಬ್ಬರದೆಂದು ತಿಳಿದಾಗ, ಶರಣಬಸವೇಶ್ವರರ ಈ ನಗರದ ಹೆಸರನ್ನು ದೇಶವೆಲ್ಲ ಭಯದಿಂದ ಉಚ್ಚರಿಸಿತು. ಅದೇ ವರ್ಷದ ಜುಲೈಯಲ್ಲಿ, ರೋಗವು ಉಲ್ಬಣಿಸಿ ಶ್ವಾಸಕೋಶಗಳು ಸೋಲುತ್ತಿದ್ದವರಿಗೆ ಮಿತವಾಗಿ ಕೊಡಬಹುದೆಂದು ಔಷಧ ನಿಯಂತ್ರಕರು ಅನುಮತಿಯಿತ್ತ ಮದ್ದುಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ ಆಗಿತ್ತು. ಇಟೊಲಿಜುಮಾಬ್ ಎಂಬ ಆ ಪ್ರತಿಕಾಯವನ್ನು ಬಯೋಕಾನ್ ಸಂಸ್ಥೆಯು ಕ್ಯೂಬಾದ ಹವಾನಾ ನಗರದ ವಿಜ್ಞಾನಿಗಳೊಡಗೂಡಿ ಬೆಳೆಸಿ, 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮವ್ಯಾಧಿಗೆಂದು ಹೊರತಂದಿತ್ತು. ಚರ್ಮದ ಮದ್ದು ಶ್ವಾಸಕೋಶದ ರೋಗಿಗೆ ಒದಗಬಹುದೆಂಬ ಆಸೆಗೆ ಆಧಾರವೇನು?

ನಮ್ಮ ದೇಹದ ಜೀವಕೋಶಗಳು ಪರಸ್ಪರ ಗುರುತಿಸಿ ಅಂಟಿಕೊಳ್ಳುವುದು ಅವುಗಳ ಹೊರಮೈಯಿಂದ ಚಾಚಿಕೊಂಡಿರುವ ಪ್ರೋಟೀನುಗಳ ಮೂಲಕ. ಅಂಥವುಗಳಲ್ಲೊಂದಾದ ಆಲ್‌ಕ್ಯಾಮ್ ಎಂಬುದು ಕೋಶದ ಹೊರಗೆ ಐದು ಖಂಡಗಳಾಗಿ ನಿಂತು, ಟಿ-ಕೋಶವೆಂಬ ಶ್ವೇತರಕ್ತಕಣದ ಮೇಲಿರುವ ಸಿಡಿ-6 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಇವೆರಡರ ಈ ನಂಟು ವಿಜ್ಞಾನಕ್ಕೆ ತಿಳಿದುಬಂದದ್ದು 1995ರಲ್ಲಿ. ಹಿಡಿತವು ಬಲವಾದಷ್ಟೂ ಟಿ-ಕೋಶದ ಉದ್ರೇಕ ಹೆಚ್ಚುವುದು, ಅದು ಸ್ರವಿಸುವ ರಾಸಾಯನಿಕ ಸಂದೇಶಗಳೂ ಹೆಚ್ಚುವುವು; ಈ ಕ್ರಿಯೆ ಮೇರೆ ಮೀರಿದರೆ ಚರ್ಮದಲ್ಲಿ ಕೆಂಪು ಹಕ್ಕಳೆಗಳೇಳುತ್ತವೆ, ಶ್ವಾಸಕೋಶದಲ್ಲಾದರೋ ಉರಿಯೂತವೇ ಮೂಲರೋಗಕ್ಕಿಂತ ಘೋರವಾಗಬಲ್ಲದು. ಇಟೊಲಿಜುಮಾಬ್ ಸಿಡಿ-6ರ ಮೇಲೆ ಕುಳಿತು ಆ ಹಿಡಿತಕ್ಕೆ ಅಡ್ಡಿಯಾಗುತ್ತದೆ.

ಆದರೆ ಇಂಥ ಅಡ್ಡಿಯನ್ನು ಕಣ್ಣಾರೆ ಕಂಡು ಅಳೆಯಬೇಕಾದರೆ ಶುದ್ಧವಾದ ಆಲ್‌ಕ್ಯಾಮ್ ಬೇಕು. ಅದನ್ನು ಮನುಷ್ಯಶರೀರದಿಂದ ಸುಲಿದು ತೆಗೆಯುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದುದರಿಂದ ವಿಜ್ಞಾನಿಗಳು ಈ ಪ್ರೋಟೀನನ್ನು ತಯಾರಿಸುವ ಮಾನವನ ಜೀನನ್ನು ಪ್ರಯೋಗಶಾಲೆಯಲ್ಲಿ ಬೆಳೆಯುವ ಸಸ್ತನಿಕೋಶಗಳೊಳಗೆ ಸೇರಿಸುತ್ತಾರೆ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸಿಗುವ ಕಮಲಾಪುರದ ರೈತನು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ತನ್ನ ಕೆಂಪು ಬಾಳೆಯನ್ನು ಬೀಜದಿಂದಲ್ಲದೆ ತಾಯಿಗಿಡದ ಕಂದಿನಿಂದಲೇ ಬೆಳೆಸಿ ಅದೇ ಗುಣದ ಹಣ್ಣನ್ನು ಪಡೆಯುವಂತೆ, ಜೀನನ್ನು ಒಳಗೊಂಡ ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರೋಟೀನು ಲಭಿಸುವುದು. ಬ್ಯಾಕ್ಟೀರಿಯಾವನ್ನು ಬಿಟ್ಟು ಸಸ್ತನಿಕೋಶವನ್ನೇ ಆರಿಸುವುದಕ್ಕೆ ಕಾರಣವುಂಟು: ಈ ಪ್ರೋಟೀನಿಗೆ ಮಾನವದೇಹದಲ್ಲಿ ಅಂಟಿಕೊಳ್ಳುವ ಸಕ್ಕರೆಯ ಸರಪಳಿಗಳನ್ನು ಸಾಮಾನ್ಯ ಬ್ಯಾಕ್ಟೀರಿಯಾ ಜೋಡಿಸಲಾರದು. ಕೋಶದ ಪೊರೆಯಲ್ಲಿ ಹೂತಿರುವ ಭಾಗವನ್ನು ಮೊದಲೇ ಕೈಬಿಟ್ಟು ಜೀನನ್ನು ರಚಿಸುವುದರಿಂದ, ತಯಾರಾದ ಪ್ರೋಟೀನು ದ್ರವದಲ್ಲಿ ಕರಗಿ ಹೊರಬರುತ್ತದೆ. ಶುದ್ಧೀಕರಿಸಿದ ಮೇಲೆ ಅದನ್ನು ಮೈಕ್ರೋಗ್ರಾಂಗಳ ಲೆಕ್ಕದಲ್ಲಿ, ಬಹುಮಟ್ಟಿಗೆ ಒಣಪುಡಿಯಾಗಿಸಿ, ಸೀಸೆಗಳಲ್ಲಿ ತುಂಬುತ್ತಾರೆ. ಅದು ಔಷಧವಲ್ಲ, ಮನುಷ್ಯನ ಮೈಗೆ ಚುಚ್ಚಲು ಸಲ್ಲದು.

ಪ್ರಯೋಗದ ಕ್ರಮ ಸರಳವೂ ಸುಂದರವೂ ಆದುದು. ಸಣ್ಣ ಗುಳಿಗಳುಳ್ಳ ತಟ್ಟೆಯ ತಳಕ್ಕೆ ಆಲ್‌ಕ್ಯಾಮನ್ನು ಲೇಪಿಸಿ, ಅದರ ಮೇಲೆ ಸಿಡಿ-6 ಇರುವ ಟಿ-ಕೋಶಗಳನ್ನು ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಮೆಲ್ಲನೆ ತೊಳೆದರೆ ಅಂಟಿಕೊಂಡವು ಉಳಿಯುತ್ತವೆ, ಅಂಟದವು ಹರಿದುಹೋಗುತ್ತವೆ. ಪರೀಕ್ಷಿಸಬೇಕಾದ ಮದ್ದನ್ನು ಮುಂಚಿತವಾಗಿ ಬೆರೆಸಿ ಮತ್ತೆ ತೊಳೆದಾಗ ಉಳಿಯುವವು ಎಷ್ಟು ಕಡಿಮೆಯಾದುವೆಂಬುದೇ ಮದ್ದಿನ ಬಲದ ಅಳತೆ.

ಆದರೆ ತಟ್ಟೆಯ ಫಲವನ್ನೇ ರೋಗಿಯ ಫಲವೆಂದು ಭಾವಿಸುವುದು ಅಪಾಯಕರ. ಸೋರಿಯಾಸಿಸ್‌ಗಾಗಿ ಇಟೊಲಿಜುಮಾಬನ್ನು 225 ರೋಗಿಗಳ ಮೇಲೆ ಪರೀಕ್ಷಿಸಲಾಗಿತ್ತು. ಕೊರೊನಾಕ್ಕಾಗಿ ಅನುಮತಿಗೆ ಆಧಾರವಾದದ್ದಾದರೋ ಕೇವಲ 30 ಮಂದಿಯ ಪರೀಕ್ಷೆ. ಕೊರೊನಾ ಕುರಿತ ರಾಷ್ಟ್ರೀಯ ಕಾರ್ಯಪಡೆ ಈ ಮದ್ದನ್ನು ಚಿಕಿತ್ಸಾಕ್ರಮದಲ್ಲಿ ಸೇರಿಸಲೊಪ್ಪಲಿಲ್ಲ. ಆ ಎಚ್ಚರಿಕೆ ಯುಕ್ತವಾಗಿತ್ತೆಂದೇ ನನ್ನ ಭಾವನೆ. ರೋಗದ ಮೊದಲ ಆಘಾತವನ್ನು ಕಂಡ ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವುಂಟು, ವೈದ್ಯಕೀಯ ಕಾಲೇಜುಗಳೂ ಉಂಟು. ಕಮಲಾಪುರದಿಂದ ಬಸ್ಸು ಹಿಡಿದು ಓದಲು ಬರುವ ಹುಡುಗ ಹುಡುಗಿಯರು ಇಂಥ ತಟ್ಟೆಯೊಂದನ್ನು ತಾವೇ ಲೇಪಿಸಿ, ತೊಳೆದು, ಉಳಿದ ಕೋಶಗಳನ್ನು ತಮ್ಮ ಕಣ್ಣಿನಿಂದಲೇ ಎಣಿಸುವಂತಾಗಬೇಕೆಂದು ನಾನು ಮನಃಪೂರ್ವಕ ಬಯಸುತ್ತೇನೆ.