ಹೊಸಬರೂ ಅನುಭವಿಗಳೂ ಕೂಡಿ ಆಡುವ ಕೇರಂ ಪಂದ್ಯಾವಳಿ: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಏರ್ಪಡಿಸುವ ಬಗೆ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ರೂಪುಗೊಂಡ ಮೇಲೆ ಹಲವು ಕೇಂದ್ರಗಳಿಗೆ ಪುಸ್ತಕಗಳ ಜೊತೆಗೆ ಚದುರಂಗ ಮತ್ತು ಕೇರಂ ಹಲಗೆಗಳೂ ಬಂದಿವೆ. ಆದರೆ ಸಂಜೆ ಐದರ ನಂತರ ಆ ಹಲಗೆಯ ಸುತ್ತ ಯಾರು ಕುಳಿತಿರುತ್ತಾರೆ ಎಂಬುದನ್ನು ಸದಸ್ಯರು ಒಮ್ಮೆ ಗಮನಿಸಬೇಕೆಂದು ಕೋರುತ್ತೇನೆ. ಬಹುತೇಕ ಕಡೆಗಳಲ್ಲಿ ಅದೇ ನಾಲ್ಕೈದು ಮಂದಿ ಯುವಕರು. ಅವರು ಚೆನ್ನಾಗಿ ಆಡುತ್ತಾರೆ ಎಂಬ ಕಾರಣದಿಂದಲೇ ಉಳಿದವರು ದೂರ ನಿಲ್ಲುತ್ತಾರೆ. ಪಂದ್ಯಾವಳಿಯೊಂದನ್ನು ನಡೆಸಿದರೆ ಈ ಸ್ಥಿತಿ ಬದಲಾದೀತು ಎಂದು ನಾವು ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿ, ಸೇವೆಗೆ ಸೇರಿದ ಎರಡನೆಯ ವರ್ಷ ಒಂದು ಪಂದ್ಯಾವಳಿಯನ್ನು ಏರ್ಪಡಿಸಿದ್ದೆ. ಅದು ತಪ್ಪಾದ ಬಗೆಯನ್ನು ಮೊದಲು ಹೇಳುವುದು ಉಚಿತ.

ಮೂವತ್ತೆರಡು ಮಂದಿ ಹೆಸರು ಕೊಟ್ಟಿದ್ದರು. ಅವರಲ್ಲಿ ಒಂಬತ್ತು ಮಂದಿ ಸ್ವಸಹಾಯ ಸಂಘದ ಮಹಿಳೆಯರು. ಚೀಟಿ ಎತ್ತಿ ಜೋಡಿ ಮಾಡಿ, ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ ಎಂಬ ರೂಢಿಯ ಕ್ರಮವನ್ನೇ ಇಟ್ಟುಕೊಂಡೆ. ಹತ್ತು ಗಂಟೆಗೆ ಪಂದ್ಯ ಆರಂಭವಾಯಿತು. ಹನ್ನೊಂದೂವರೆಯ ವೇಳೆಗೆ ಹದಿನಾರು ಮಂದಿ ಮನೆಯ ದಾರಿ ಹಿಡಿದಿದ್ದರು. ಅವರಲ್ಲಿ ಆ ಒಂಬತ್ತು ಮಹಿಳೆಯರ ಪೈಕಿ ಎಂಟು ಮಂದಿ ಇದ್ದರು. ಒಂದು ತಿಂಗಳು ಮಧ್ಯಾಹ್ನದ ಹೊತ್ತು ಗ್ರಂಥಾಲಯಕ್ಕೆ ಬಂದು ಅಭ್ಯಾಸ ಮಾಡಿದ್ದ ಒಬ್ಬರಿಗೆ ಮೊದಲ ಸುತ್ತಿನಲ್ಲೇ ಜಿಲ್ಲಾ ಮಟ್ಟದಲ್ಲಿ ಆಡಿದ ಆಟಗಾರ ಎದುರಾದರು. ಅವರು ಕಾಯಿ ಮುಟ್ಟಿದ್ದು ನಾಲ್ಕೈದು ಬಾರಿ ಮಾತ್ರ. ಮಧ್ಯಾಹ್ನದ ಊಟಕ್ಕೆ ನೂರು ಜನರಿಗೆ ಅಡುಗೆ ಮಾಡಿಸಿದ್ದೆವು. ಉಂಡವರು ನಲವತ್ತು ಮಂದಿ. ಬಹುಮಾನ ಪಡೆದವರು ಎಂದಿನ ನಾಲ್ವರು. ಮರುವಾರದಿಂದ ಮಧ್ಯಾಹ್ನದ ಹೊತ್ತು ಆ ಮಹಿಳೆಯರು ಗ್ರಂಥಾಲಯಕ್ಕೆ ಬರುವುದು ನಿಂತಿತು. ದೋಷವಿದ್ದದ್ದು ಆಟಗಾರರಲ್ಲಿ ಅಲ್ಲ, ನಾನು ಆರಿಸಿದ ಕ್ರಮದಲ್ಲಿ.

ಲೆಕ್ಕ ಸರಳವಾಗಿದೆ. ಸೋತವರನ್ನು ಹೊರಗಿಡುವ ಕ್ರಮದಲ್ಲಿ 32 ಮಂದಿಗೆ ಒಟ್ಟು 31 ಪಂದ್ಯಗಳು ನಡೆಯುತ್ತವೆ. ಅವರಲ್ಲಿ 16 ಮಂದಿಗೆ ದೊರೆಯುವುದು ಒಂದೇ ಪಂದ್ಯ, ಅದೂ ಸೋಲು. ಯಾರಿಗೆ ಅಭ್ಯಾಸದ ಅಗತ್ಯ ಹೆಚ್ಚೋ ಅವರಿಗೆ ಅತಿ ಕಡಿಮೆ ಆಟ, ಯಾರಿಗೆ ಅಗತ್ಯವಿಲ್ಲವೋ ಅವರಿಗೆ ಅತಿ ಹೆಚ್ಚು ಆಟ ಎಂಬುದು ಈ ಕ್ರಮದ ಸ್ವಭಾವ. ಒಂದೇ ದಿನದಲ್ಲಿ ಒಬ್ಬ ವಿಜೇತನನ್ನು ಕಂಡುಹಿಡಿಯುವುದಷ್ಟೇ ಗುರಿಯಾದರೆ ಇದು ಸಾಕು. ಆದರೆ ಪಂಚಾಯಿತಿಯ ಗುರಿ ಅದಲ್ಲ.

ಸ್ವಿಸ್ ಪದ್ಧತಿ

ಇದಕ್ಕೆ ಚದುರಂಗದವರು ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಂದ್ಯಾವಳಿಯೊಂದರಲ್ಲಿ ಮೊದಲು ಬಳಕೆಯಾದ ಕಾರಣ ಅದಕ್ಕೆ ಸ್ವಿಸ್ ಪದ್ಧತಿ ಎಂದು ಹೆಸರು. ಇದರಲ್ಲಿ ಯಾರೂ ಹೊರಹೋಗುವುದಿಲ್ಲ. ಪ್ರತಿಯೊಬ್ಬರೂ ಎಲ್ಲ ಸುತ್ತುಗಳನ್ನೂ ಆಡುತ್ತಾರೆ. ಗೆದ್ದರೆ ಒಂದು ಅಂಕ, ಸೋತರೆ ಸೊನ್ನೆ. ಎರಡನೆಯ ಸುತ್ತಿನಿಂದ, ಸಮಾನ ಅಂಕ ಪಡೆದವರನ್ನು ಪರಸ್ಪರ ಜೋಡಿಸಲಾಗುತ್ತದೆ. ಒಮ್ಮೆ ಎದುರಾದವರು ಮತ್ತೆ ಎದುರಾಗಬಾರದು ಎಂಬುದೊಂದೇ ನಿರ್ಬಂಧ. ಹೀಗಾಗಿ ಎರಡು ಬಾರಿ ಸೋತವರಿಗೆ ಮೂರನೆಯ ಸುತ್ತಿನಲ್ಲಿ ಎದುರಾಗುವವರೂ ಎರಡು ಬಾರಿ ಸೋತವರೇ. ಆ ಪಂದ್ಯದಲ್ಲಿ ಇಬ್ಬರಲ್ಲಿ ಒಬ್ಬರು ಗೆಲ್ಲಲೇಬೇಕು.

32 ಮಂದಿಗೆ ಐದು ಸುತ್ತುಗಳು ಸಾಕು. 32 ಅನ್ನು ಐದು ಬಾರಿ ಅರ್ಧ ಮಾಡಿದರೆ ಒಂದು ಉಳಿಯುತ್ತದೆಯಷ್ಟೆ. ಕೊನೆಯಲ್ಲಿ ಐದೂ ಗೆದ್ದವರು ಒಬ್ಬರು, ನಾಲ್ಕು ಗೆದ್ದವರು ಐವರು, ಮೂರು ಗೆದ್ದವರು ಹತ್ತು ಮಂದಿ, ಎರಡು ಗೆದ್ದವರು ಹತ್ತು ಮಂದಿ, ಒಂದು ಗೆದ್ದವರು ಐವರು, ಒಂದನ್ನೂ ಗೆಲ್ಲದವರು ಒಬ್ಬರು. ಯಾರೂ ನಡುವೆ ಎದ್ದುಹೋಗದಿದ್ದರೆ ಈ ಹಂಚಿಕೆ ಹೀಗೆಯೇ ಬರುತ್ತದೆ. ಮೊದಲ ಕ್ರಮದಲ್ಲಿ ಹದಿನಾರು ಮಂದಿ ಒಂದೂ ಗೆಲುವಿಲ್ಲದೆ ಮರಳುತ್ತಿದ್ದರು. ಇಲ್ಲಿ ಹಾಗೆ ಮರಳುವವರು ಒಬ್ಬರೇ. ನನ್ನ ತಾಂತ್ರಿಕ ಶಿಕ್ಷಣದ ನಾಲ್ಕು ವರ್ಷಗಳಲ್ಲಿ ಕಲಿತ ಗಣಿತವು ಪಂಚಾಯಿತಿ ಕಛೇರಿಯಲ್ಲಿ ಇಷ್ಟು ನೇರವಾಗಿ ಉಪಯೋಗಕ್ಕೆ ಬಂದ ಸಂದರ್ಭ ಇನ್ನೊಂದಿಲ್ಲ.

ಇದಕ್ಕೆ ಗಣಕಯಂತ್ರದ ಅಗತ್ಯವಿಲ್ಲ. ಪ್ರತಿ ಆಟಗಾರರಿಗೆ ಒಂದು ರಟ್ಟಿನ ಚೀಟಿ. ಅದರಲ್ಲಿ ಹೆಸರು, ಪ್ರತಿ ಸುತ್ತಿನ ಎದುರಾಳಿ, ಪಡೆದ ಅಂಕ. ಸುತ್ತು ಮುಗಿದೊಡನೆ ಚೀಟಿಗಳನ್ನು ಅಂಕವಾರು ಗುಡ್ಡೆ ಮಾಡಿ, ಪ್ರತಿ ಗುಡ್ಡೆಯೊಳಗೆ ಕಲಸಿ ಎರಡೆರಡಾಗಿ ಇಡಬೇಕು. ಹಿಂದೆ ಆಡಿದ ಜೋಡಿ ಬಂದರೆ ಪಕ್ಕದ ಚೀಟಿಯೊಡನೆ ಬದಲಿಸಬೇಕು. ಒಂದು ಗುಡ್ಡೆಯಲ್ಲಿ ಬೆಸಸಂಖ್ಯೆ ಉಳಿದರೆ ಕೆಳಗಿನ ಗುಡ್ಡೆಯಿಂದ ಒಬ್ಬರನ್ನು ಸೇರಿಸಬೇಕು. ಗ್ರಂಥಾಲಯ ಮೇಲ್ವಿಚಾರಕರು ಇದನ್ನು ಹತ್ತು ನಿಮಿಷದಲ್ಲಿ ಮಾಡಬಲ್ಲರು. ಒಟ್ಟು ಆಟಗಾರರೇ ಬೆಸಸಂಖ್ಯೆಯಲ್ಲಿದ್ದರೆ ಒಬ್ಬರನ್ನು ಸುಮ್ಮನೆ ಕೂರಿಸಿ ಅಂಕ ಕೊಡುವ ರೂಢಿಯಿದೆ. ಅದಕ್ಕಿಂತ, ಸ್ಪರ್ಧೆಯಲ್ಲಿಲ್ಲದ ಸ್ವಯಂಸೇವಕರೊಬ್ಬರನ್ನು ಎದುರಿಗೆ ಕೂರಿಸುವುದು ಮೇಲು. ಬಂದವರು ಆಡಲೆಂದೇ ಬಂದಿರುತ್ತಾರೆ.

ಮೊದಲ ಸುತ್ತಿನ ಜೋಡಿಯನ್ನು ಮಾತ್ರ ವಿಶೇಷ ಎಚ್ಚರದಿಂದ ಮಾಡತಕ್ಕದ್ದು. ನೋಂದಣಿ ಅರ್ಜಿಯಲ್ಲಿ ‘ಹೊಸಬರು’, ‘ಅನುಭವಿ’ ಎಂಬ ಎರಡು ಚೌಕಗಳಿರಲಿ. ಆಟಗಾರರೇ ಗುರುತು ಹಾಕಲಿ. ಮೊದಲ ಸುತ್ತಿನಲ್ಲಿ ಹೊಸಬರಿಗೆ ಹೊಸಬರು, ಅನುಭವಿಗಳಿಗೆ ಅನುಭವಿಗಳು ಎದುರಾಗಲಿ. ಮುಂದೆ ಅಂಕವೇ ಜೋಡಿಯನ್ನು ನಿರ್ಧರಿಸುತ್ತದೆ. ಅನುಭವಿಯೊಬ್ಬರು ಸುಳ್ಳು ಗುರುತು ಹಾಕಿಯಾರು ಎಂಬ ಆಕ್ಷೇಪ ನಮ್ಮ ಸಾಮಾನ್ಯ ಸಭೆಯಲ್ಲಿ ಬಂದಿತ್ತು. ಹಾಕಿದರೂ ಅವರಿಗೆ ದೊರೆಯುವುದು ಒಂದು ಸುಲಭ ಗೆಲುವು ಮಾತ್ರ. ಎರಡನೆಯ ಸುತ್ತಿನಿಂದ ಗೆದ್ದವರ ನಡುವೆಯೇ ಆಡಬೇಕಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಆಡಿದವರನ್ನು ಅನುಭವಿಗಳೆಂದೇ ಎಣಿಸುವುದು ಎಂಬ ಒಂದು ಸಾಲನ್ನು ನಿಯಮದಲ್ಲಿ ಸೇರಿಸಿದರೆ ಸಾಕಾಗುತ್ತದೆ.

ಇನ್ನೊಂದು ವಿಷಯ ಚಿಕ್ಕದಾಗಿ ಕಂಡರೂ ಪಂದ್ಯಾವಳಿಯ ನಡತೆಯನ್ನೇ ಬದಲಿಸುತ್ತದೆ. ಇಬ್ಬರು ಸಮಾನ ಅಂಕ ಪಡೆದಾಗ ಮೇಲಿನ ಸ್ಥಾನ ಯಾರಿಗೆ? ಗೆಲುವಿನ ಅಂತರದಿಂದ ನಿರ್ಧರಿಸುವುದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ, ಹೊಸಬರನ್ನು ಒಂದು ಕಾಯಿಯನ್ನೂ ಹಾಕಗೊಡದೆ ಸೋಲಿಸಿದ ಅನುಭವಿಗೆ ನಾವೇ ಬಹುಮಾನ ಕೊಟ್ಟಂತೆ ಆಗುತ್ತದೆ. ಅದರ ಬದಲು ಚದುರಂಗದವರಂತೆ ಎದುರಾಳಿಗಳ ಅಂಕಗಳ ಮೊತ್ತವನ್ನು ನೋಡಬೇಕು. ಯಾರು ಬಲವಾದ ಎದುರಾಳಿಗಳೊಡನೆ ಆಡಿದರೋ ಅವರು ಮೇಲೆ. ಆಗ ದುರ್ಬಲರನ್ನು ಜಜ್ಜಿ ಹಾಕುವುದರಿಂದ ಯಾರಿಗೂ ಲಾಭವಿಲ್ಲ.

ನಿಯಮ, ಹಲಗೆ, ವೇಳೆ

ನಮ್ಮ ಊರುಗಳಲ್ಲಿ ಕಪ್ಪಿಗೆ ಹತ್ತು, ಬಿಳಿಗೆ ಇಪ್ಪತ್ತು, ಕೆಂಪಿಗೆ ಐವತ್ತು ಎಂದು ಎಣಿಸುವ ಆಟವೇ ಹೆಚ್ಚು ಬಳಕೆಯಲ್ಲಿದೆ. ಅಂಗೀಕೃತ ನಿಯಮ ಬೇರೆ. ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ಕೆಂಪು ರಾಣಿ. ಮೊದಲು ಹೊಡೆಯುವವರದು ಬಿಳಿ. ತನ್ನ ಒಂಬತ್ತನ್ನೂ ಮೊದಲು ಹಾಕಿದವರು ಆ ಬೋರ್ಡನ್ನು ಗೆದ್ದಂತೆ. ಎದುರಾಳಿಯ ಎಷ್ಟು ಕಾಯಿಗಳು ಹಲಗೆಯ ಮೇಲೆ ಉಳಿದಿವೆಯೋ ಅಷ್ಟು ಪಾಯಿಂಟು ಅವರಿಗೆ. ರಾಣಿಯನ್ನು ಹಾಕಿ, ಬೆನ್ನಿಗೆ ತನ್ನ ಕಾಯಿಯಿಂದ ಭದ್ರಪಡಿಸಿಕೊಂಡಿದ್ದರೆ ಇನ್ನೂ ಮೂರು. 25 ಪಾಯಿಂಟು ತಲುಪಿದವರು, ಅಥವಾ ಎಂಟು ಬೋರ್ಡುಗಳ ನಂತರ ಮುಂದಿರುವವರು ಗೆದ್ದಂತೆ. ಹೊಸಬರು ಹಿಂಜರಿಯುವುದಕ್ಕೆ ಕೈಯ ಅಳುಕಿಗಿಂತ ಈ ನಿಯಮಗಳ ಅಪರಿಚಯವೇ ಹೆಚ್ಚಿನ ಕಾರಣ ಎಂಬುದು ನನ್ನ ಅನುಭವ. ಆದುದರಿಂದ ನಿಯಮಗಳನ್ನು ಒಂದು ಪುಟದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಹದಿನೈದು ದಿನ ಮೊದಲೇ ಗ್ರಂಥಾಲಯದ ಗೋಡೆಗೆ ಅಂಟಿಸತಕ್ಕದ್ದು. ಪಂದ್ಯದ ದಿನ ಬೆಳಿಗ್ಗೆ ಅರ್ಧ ಗಂಟೆ ಅನುಭವಿ ಆಟಗಾರರೇ ಹಲಗೆಯ ಮೇಲೆ ಆಡಿ ತೋರಿಸಲಿ. ಈ ಕೆಲಸ ಒಪ್ಪಿಸಿದರೆ ಅವರೂ ಸಂತೋಷದಿಂದ ಮಾಡುತ್ತಾರೆ.

ಪೂರ್ತಿ 25 ಪಾಯಿಂಟಿನ ಆಟಕ್ಕೆ ವೇಳೆ ಸಾಲದು. ನಾಲ್ಕು ಬೋರ್ಡು ಅಥವಾ ಮೂವತ್ತು ನಿಮಿಷ, ಯಾವುದು ಮೊದಲೋ ಅದು, ಎಂದು ಮಿತಿ ಇಡಬಹುದು. ಸಮವಾದರೆ ಇನ್ನೊಂದು ಬೋರ್ಡು. ಎಂಟು ಹಲಗೆಗಳಿದ್ದರೆ ಒಂದು ಸುತ್ತಿನ 16 ಪಂದ್ಯಗಳು ಎರಡು ಸರದಿಯಲ್ಲಿ ಮುಗಿಯುತ್ತವೆ. ಐದು ಸುತ್ತಿಗೆ ಐದು ಗಂಟೆ, ಜೊತೆಗೆ ಜೋಡಿ ಮಾಡುವ ವೇಳೆ. ನಾಲ್ಕೇ ಹಲಗೆಗಳಿದ್ದರೆ ಎರಡು ಭಾನುವಾರಗಳಿಗೆ ಹಂಚುವುದು ಒಳ್ಳೆಯದು. ಒಂದು ಸರದಿ ಆಡುವಾಗ ಬಿಡುವಿನಲ್ಲಿರುವವರೇ ಇನ್ನೊಂದಕ್ಕೆ ತೀರ್ಪುಗಾರರಾಗಲಿ. ತೀರ್ಪು ಕೊಡುತ್ತ ಹೊಸಬರು ನಿಯಮ ಕಲಿಯುವ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ.

ಶಾಲೆ, ವಿದ್ಯಾರ್ಥಿನಿಲಯ, ಯುವಕ ಸಂಘಗಳಿಂದ ಹಲಗೆಗಳನ್ನು ಎರವಲು ತರುವಾಗ ಅವು ಏಕರೂಪವಾಗಿರುವುದಿಲ್ಲ. ಆಡುವ ಮೈ ಸುಮಾರು 74 ಸೆಂ.ಮೀ. ಚೌಕವಿರಬೇಕು, ಮಕ್ಕಳ ಚಿಕ್ಕ ಹಲಗೆಗಳನ್ನು ಬೆರೆಸಬಾರದು. ಸ್ಟ್ರೈಕರ್ 15 ಗ್ರಾಂ ಮೀರಬಾರದು. ಮೈಯ ನಯವನ್ನು ಪರೀಕ್ಷಿಸಲು ಒಂದು ಉಪಾಯ ನಿಯಮಾವಳಿಯಲ್ಲೇ ಇದೆ: 15 ಗ್ರಾಂ ತೂಕದ ಸ್ಟ್ರೈಕರನ್ನು ಪೂರ್ಣ ಬಲದಿಂದ ಹೊಡೆದರೆ ಅದು ಚೌಕಟ್ಟಿನಿಂದ ಚೌಕಟ್ಟಿಗೆ ಕನಿಷ್ಠ ಮೂರೂವರೆ ಬಾರಿ ಓಡಾಡಬೇಕು. ಮಟ್ಟವನ್ನು ಗಾರೆ ಕೆಲಸದವರ ರಸಮಟ್ಟದಿಂದ ನೋಡಿಸಿ, ಅಗತ್ಯವಿದ್ದ ಕಾಲಿನ ಕೆಳಗೆ ರಟ್ಟು ಇಡಿಸಬಹುದು. ಪ್ರತಿ ಸುತ್ತಿಗೂ ಆಟಗಾರರ ಹಲಗೆ ಬದಲಾಗಲಿ. ತಾನು ದಿನವೂ ಆಡುವ ಹಲಗೆಯ ಒಲವು ಬಲ್ಲವರಿಗೆ ಅದೇ ಒಂದು ಅನುಕೂಲ.

ಸ್ಥಳ ಮತ್ತು ವೇಳೆಯ ಆಯ್ಕೆಯಲ್ಲೇ ಯಾರು ಬರುತ್ತಾರೆ ಎಂಬುದು ಅರ್ಧ ತೀರ್ಮಾನವಾಗಿರುತ್ತದೆ. ಅರಳಿಕಟ್ಟೆಯಲ್ಲಿ ಸಂಜೆ ಆರಕ್ಕೆ ಎಂದರೆ ಮಹಿಳೆಯರು ಬರುವುದಿಲ್ಲ. ಅದು ಡೇರಿಗೆ ಹಾಲು ಹಾಕುವ ವೇಳೆಯೂ ಹೌದು. ಶಾಲೆಯ ವರಾಂಡ, ಹತ್ತರಿಂದ ನಾಲ್ಕರವರೆಗೆ, ಕುಡಿಯುವ ನೀರು, ಬಳಸಲು ಯೋಗ್ಯವಾದ ಶೌಚಾಲಯ, ಚಿಕ್ಕ ಮಕ್ಕಳನ್ನು ಕೂರಿಸಲು ಒಂದು ಕೊಠಡಿ, ಇವಿಷ್ಟು ಇದ್ದರೆ ಬರುತ್ತಾರೆ. ಗಾಲಿಕುರ್ಚಿ ಬಳಸುವವರ ಹೆಸರಿದ್ದರೆ ಇಳಿಜಾರು ಇರುವ ಬದಿಯ ಹಲಗೆಯನ್ನು ಅವರಿಗೆ ಸ್ಥಿರವಾಗಿಡಿ, ಎದುರಾಳಿಗಳೇ ಅಲ್ಲಿಗೆ ಬರಲಿ. ಪ್ರವೇಶ ಶುಲ್ಕ ಬೇಡ. ಪ್ರೇಕ್ಷಕರಲ್ಲಿ ಪಣ ಕಟ್ಟುವುದು ಕಂಡರೆ ಮುಲಾಜಿಲ್ಲದೆ ಹೊರಗೆ ಕಳುಹಿಸಬೇಕು. ಈ ಒಂದು ವಿಷಯದಲ್ಲಿ ಸದಸ್ಯರ ಹಾಜರಿ ಅಧಿಕಾರಿಯ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಖರ್ಚಿನ ಅಂದಾಜಿಗೆ ಸಾಮಾನ್ಯ ಸಭೆಯ ನಿರ್ಣಯವನ್ನು ಮೊದಲೇ ಪಡೆದಿರತಕ್ಕದ್ದು.

ಹೆಣ್ಣುಮಕ್ಕಳಿಗೆ ಕೇರಂ ಏತಕ್ಕೆ ಎಂದು ಕೇಳುವವರು ಇನ್ನೂ ಇದ್ದಾರೆ. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ವಿಶ್ವ ಮಟ್ಟದ ಕೇರಂ ಪಂದ್ಯಾವಳಿಯಲ್ಲಿ ಮೂರು ಚಿನ್ನದ ಪದಕ ಗೆದ್ದ ಚೆನ್ನೈನ ಖಾಜಿಮಾ ಒಬ್ಬ ಆಟೋ ಚಾಲಕರ ಮಗಳು ಎಂಬುದನ್ನು ಅವರಿಗೆ ತಿಳಿಸಬಹುದು.

ಐದು ಸುತ್ತು ಮುಗಿದ ಮೇಲೂ ಊರಿನವರಿಗೆ ಒಂದು ಅಂತಿಮ ಪಂದ್ಯ ಬೇಕೇ ಬೇಕು. ಅದು ನ್ಯಾಯವಾದ ಆಸೆ. ಮೊದಲ ನಾಲ್ವರಿಗೆ ಉಪಾಂತ್ಯ, ಅಂತಿಮ ಪಂದ್ಯಗಳನ್ನು ಪೂರ್ಣ ನಿಯಮದಂತೆ ಮುಂದಿನ ಭಾನುವಾರ ನಡೆಸಬಹುದು. ಅದೇ ದಿನ ಜೋಡಿ ಆಟವೊಂದನ್ನು ಇಡಿ: ಅನುಭವಿಗಳ ಹೆಸರು ಒಂದು ಬಿಂದಿಗೆಯಲ್ಲಿ, ಹೊಸಬರ ಹೆಸರು ಇನ್ನೊಂದರಲ್ಲಿ, ಎರಡರಿಂದಲೂ ಒಂದೊಂದು ಚೀಟಿ ಎತ್ತಿ ಜೋಡಿ ಮಾಡಿ. ಜೋಡಿಯವರು ಎದುರುಬದುರು ಕುಳಿತು ಆಡುವುದರಿಂದ ಅನುಭವಿಯು ತನ್ನ ಗೆಲುವಿಗಾಗಿಯಾದರೂ ಹೊಸಬರಿಗೆ ಹೇಳಿಕೊಡಲೇಬೇಕಾಗುತ್ತದೆ. ಮೊದಲ ಪಂದ್ಯಾವಳಿಯಲ್ಲಿ ಆ ಮಹಿಳೆಯನ್ನು ಸೋಲಿಸಿದ್ದ ಜಿಲ್ಲಾ ಮಟ್ಟದ ಆಟಗಾರರಿಗೆ ಮರುವರ್ಷ ಚೀಟಿಯಲ್ಲಿ ಅವರೇ ಜೋಡಿಯಾಗಿ ಬಂದರು. ಅಂತಿಮ ಪಂದ್ಯದಲ್ಲಿ ಸೋತರು. ಆದರೆ ಇಬ್ಬರೂ ಸಂಜೆಯವರೆಗೆ ಹಲಗೆ ಬಿಟ್ಟು ಏಳಲಿಲ್ಲ.

ಹಲಗೆಗಳು ಎರಡೇ ಇರುವ ಚಿಕ್ಕ ಊರುಗಳಿಗೆ ಮತ್ತೊಂದು ಕ್ರಮವಿದೆ. ಅಮೆರಿಕದಲ್ಲಿ ಪಿನ್‌ಬಾಲ್ ಎಂಬ ಯಂತ್ರದ ಆಟವಿದೆ. ಓರೆಯಾದ ಗಾಜಿನ ಪೆಟ್ಟಿಗೆಯೊಳಗೆ ಉಕ್ಕಿನ ಗುಂಡನ್ನು ಬೀಳದಂತೆ ಚಿಮ್ಮುತ್ತ ಆಡುವುದು. ಅದರ ಪಂದ್ಯಾವಳಿಗಳಲ್ಲಿ ಮೂರು ಸೋಲಿನ ನಂತರವೇ ಆಟಗಾರರು ಹೊರಹೋಗುವ ಕ್ರಮ ಬಳಕೆಯಲ್ಲಿದೆ. ಹನ್ನೆರಡು ಮಂದಿಯಿದ್ದರೆ ಹನ್ನೊಂದು ಮಂದಿ ತಲಾ ಮೂರು ಬಾರಿ ಸೋಲಬೇಕು, ಅಂದರೆ 33 ಪಂದ್ಯ. ವಿಜೇತರೂ ಒಂದೆರಡು ಸೋತಿದ್ದರೆ 34 ಅಥವಾ 35. ಇಪ್ಪತ್ತು ನಿಮಿಷದ ಪಂದ್ಯಗಳಾದರೆ ಎರಡು ಹಲಗೆಗಳ ಮೇಲೆ ಸುಮಾರು ಆರು ಗಂಟೆ. ಒಂದು ಭಾನುವಾರಕ್ಕೆ ಸರಿಹೊಂದುತ್ತದೆ, ಮತ್ತು ಅತಿ ಹೊಸಬರಿಗೂ ಮೂರು ಆಟ ಖಚಿತ.

ಪಂದ್ಯಾವಳಿ ಮುಗಿದ ಮೇಲೆ ಎರವಲು ತಂದ ಹಲಗೆಗಳನ್ನು ಒರೆಸಿ, ಕಾಯಿ ಎಣಿಸಿ, ರಸೀದಿ ಪಡೆದು ಮರಳಿಸತಕ್ಕದ್ದು. ರಟ್ಟಿನ ಚೀಟಿಗಳನ್ನು ಮಾತ್ರ ಗ್ರಂಥಾಲಯದಲ್ಲೇ ಉಳಿಸಿಕೊಳ್ಳಿ. ಮುಂದಿನ ವರ್ಷ ‘ಹೊಸಬರು’ ಎಂಬ ಚೌಕದಲ್ಲಿ ಯಾರು ಗುರುತು ಹಾಕಬಾರದು ಎಂಬುದಕ್ಕೆ ಅವೇ ದಾಖಲೆ.